ಚಾಳೀಸು ಕನ್ನಡಕದ ಆರ್ಡರ್ ಪಡೆಯುವ ಪದ್ಧತಿಯಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಶಿವಮೊಗ್ಗ

ಮಾನ್ಯ ಗ್ರಾಹಕರೇ,

ನಮಸ್ಕಾರಗಳು.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಚಾಳೀಸು ಕನ್ನಡಕದ ಆರ್ಡರನ್ನು ಫೋನಿನ ಮೂಲಕವಾಗಲಿ, ವಾಟ್ಸಾಪ್‌ನಲ್ಲಿ ಬರುವ ಚೀಟಿಯ ಫೋಟೊ ನೋಡಿಯಾಗಲಿ, ಊರಿನಿಂದ ಬರುವವರ ಕೈಯಲ್ಲಿ ಕೊಟ್ಟುಕಳಿಸಿದ ಹಳೆಯ ಕನ್ನಡಕದ ಅಳತೆಯ ಮೇಲಾಗಲಿ ತೆಗೆದುಕೊಳ್ಳುವುದಿಲ್ಲ. ಕನ್ನಡಕ ಹಾಕಿಕೊಳ್ಳುವವರೇ ಒಮ್ಮೆ ಅಂಗಡಿಗೆ ಬರಬೇಕು, ಮತ್ತು ಅವರು ದಿನವೂ ಮಾಡುವ ಕೆಲಸ ಕಣ್ಣಿನಿಂದ ಎಷ್ಟು ದೂರದಲ್ಲಿ ನಡೆಯುತ್ತದೆ ಎಂಬುದನ್ನು ಅಳೆದ ನಂತರವೇ ಲೆನ್ಸ್ ತರಿಸಲಾಗುತ್ತದೆ. ದೂರ ನೋಡುವುದಕ್ಕೆ ಮಾತ್ರ ಕನ್ನಡಕ ಬೇಕಾದ ಮಕ್ಕಳಿಗೆ ಮತ್ತು ಯುವಜನರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರ ವಿಷಯದಲ್ಲಿ ಹಿಂದಿನ ಪದ್ಧತಿಯೇ ಮುಂದುವರಿಯುತ್ತದೆ.

ಹೊಸನಗರದ ಆಚೆಯಿಂದ, ತೀರ್ಥಹಳ್ಳಿಯ ಒಳಹಳ್ಳಿಗಳಿಂದ, ಸೊರಬದ ಕಡೆಯಿಂದ ಬರುವವರಿಗೆ ಶಿವಮೊಗ್ಗಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೆಲಸ ಕೆಟ್ಟಂತೆ ಎಂಬುದು ನಮಗೆ ಗೊತ್ತಿದೆ. ವೈದ್ಯರು ಪರೀಕ್ಷಿಸಿ ಚೀಟಿ ಬರೆದುಕೊಟ್ಟ ಮೇಲೆ ಅಂಗಡಿಯವರು ಮತ್ತೆ ಅಳೆಯುವುದೇನಿದೆ ಎಂದು ಕೆಲವರು ಕೇಳುತ್ತಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ತಿಳಿಸುತ್ತಿದ್ದೇವೆ.

ಕಣ್ಣಿನ ಪಾಪೆಯ ಹಿಂದಿರುವ ಮಸೂರ ಎಳೆಯ ವಯಸ್ಸಿನಲ್ಲಿ ಮೃದುವಾಗಿದ್ದು, ಹತ್ತಿರದ ವಸ್ತುವನ್ನು ನೋಡುವಾಗ ಸುತ್ತಲಿನ ಸ್ನಾಯುವಿನ ಕೆಲಸದಿಂದ ತಾನೇ ಉಬ್ಬಿಕೊಂಡು ಪವರ್ ಹೆಚ್ಚಿಸಿಕೊಳ್ಳುತ್ತದೆ. ವರ್ಷ ಕಳೆದಂತೆ ಮಸೂರ ಗಡುಸಾಗುತ್ತದೆ, ಉಬ್ಬುವ ಶಕ್ತಿ ಕುಗ್ಗುತ್ತದೆ, ಮತ್ತು ನಲವತ್ತರ ಆಸುಪಾಸಿನಲ್ಲಿ ಓದುವ ಕಾಗದ ಮುಖದಿಂದ ದೂರ ಸರಿಯಲು ತೊಡಗುತ್ತದೆ. ಚಾಳೀಸು ಎನ್ನುವುದು ಇದನ್ನೇ. ಇದು ರೋಗವಲ್ಲ, ಮೊಬೈಲ್ ನೋಡಿದ್ದರಿಂದ ಬಂದದ್ದೂ ಅಲ್ಲ. ಕನ್ನಡಕ ಹಾಕಿಕೊಂಡರೆ ನಂಬರ್ ಬೇಗ ಏರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ, ಆದರೆ ಕನ್ನಡಕ ಹಾಕಿದರೂ ಹಾಕದಿದ್ದರೂ ಮಸೂರ ಗಡುಸಾಗುವುದು ನಿಲ್ಲುವುದಿಲ್ಲ. ಸಾಮಾನ್ಯವಾಗಿ ನಲವತ್ತೈದರ ಹೊತ್ತಿಗೆ ಪ್ಲಸ್ 1.00ರ ಸುಮಾರಿಗೆ ಇರುವ ಹತ್ತಿರದ ಪವರ್ ಐವತ್ತು ದಾಟಿದ ಮೇಲೆ 2.00ರ ಆಸುಪಾಸಿಗೆ, ಅರವತ್ತರ ಹೊತ್ತಿಗೆ 2.50ಕ್ಕೆ ಬಂದು ಬಹುತೇಕ ಅಲ್ಲೇ ನಿಲ್ಲುತ್ತದೆ.

ಈಗ ದೂರದ ವಿಷಯ. ಮಸೂರದ ಶಕ್ತಿ ಪೂರ್ತಿ ಕುಗ್ಗಿದವರಿಗೆ ಒಂದು ನಿರ್ದಿಷ್ಟ ದೂರದಲ್ಲಿ ಸ್ಪಷ್ಟವಾಗಿ ಕಾಣಲು ಎಷ್ಟು ಪವರ್ ಬೇಕೆಂಬುದು ಸರಳ ಲೆಕ್ಕ: ನೂರನ್ನು ಆ ದೂರದ ಸೆಂಟಿಮೀಟರಿನಿಂದ ಭಾಗಿಸಬೇಕು. 40 ಸೆಂಟಿಮೀಟರಿಗೆ 2.50, 50ಕ್ಕೆ 2.00, ಒಂದು ಮೀಟರಿಗೆ 1.00. ದೂರದ ನಂಬರ್ ಇದ್ದವರಿಗೆ ಇದನ್ನು ಅದರ ಜೊತೆ ಕೂಡಿಸಬೇಕು, ಮತ್ತು ಚೀಟಿಯಲ್ಲಿ ‘ಆಡ್’ ಎಂದು ಬರೆದಿರುವುದು ಈ ಕೂಡಿಸುವ ಸಂಖ್ಯೆಯನ್ನೇ. ಪರೀಕ್ಷೆಯ ವೇಳೆ ಅಕ್ಷರದ ಕಾರ್ಡನ್ನು ಸಾಮಾನ್ಯವಾಗಿ 35ರಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತಾರೆ. ಪತ್ರಿಕೆ, ಪಂಚಾಂಗ, ಪಾಸ್‌ಬುಕ್ಕು ಓದುವವರಿಗೆ ಆ ಅಳತೆ ಸರಿಯಾಗಿಯೇ ಹೊಂದುತ್ತದೆ. ಆದರೆ ಮಲೆನಾಡಿನಲ್ಲಿ ಚಾಳೀಸು ಬಂದವರೆಲ್ಲರೂ ಓದುವುದಕ್ಕಾಗಿಯೇ ಕನ್ನಡಕ ಮಾಡಿಸುವುದಿಲ್ಲ.

ಸುಗ್ಗಿಯಲ್ಲಿ ಮೆಟ್ಟುಗತ್ತಿಯ (ಮಣೆಗೆ ನಿಲ್ಲಿಸಿದ ಕತ್ತಿಯ) ಮುಂದೆ ಕೂತು ಅಡಿಕೆ ಸುಲಿಯುವ ಹೆಣ್ಣುಮಗಳೊಬ್ಬರನ್ನು ನೋಡಿ. ಬೆನ್ನು ನೇರವಾಗಿದ್ದಾಗ ಅವರ ಕಣ್ಣಿಗೂ ಕತ್ತಿಯ ಅಲಗಿಗೂ ನಡುವೆ ಸುಮಾರು 60 ಸೆಂಟಿಮೀಟರ್ ಇರುತ್ತದೆ, ಅಂದರೆ ಅವರಿಗೆ ಬೇಕಾದದ್ದು 1.75ರ ಹತ್ತಿರದ ಪವರ್. ಅರವತ್ತು ದಾಟಿದ ಅವರ ಚೀಟಿಯಲ್ಲಿರುವುದು 2.50. ಆ ಕನ್ನಡಕದಲ್ಲಿ ಅಂಗೈಯಲ್ಲಿ ಹಿಡಿದ ಮಾತ್ರೆಯ ಹೆಸರು ಚೆನ್ನಾಗಿ ಕಾಣುತ್ತದೆ, ಕತ್ತಿಯ ಬಾಯಿ ಮಸುಕಾಗಿರುತ್ತದೆ. ಸ್ಪಷ್ಟವಾಗಿ ಕಾಣಬೇಕೆಂದರೆ ಒಂದು ಗೇಣು ಮುಂದಕ್ಕೆ ಬಾಗಬೇಕು. ರಾತ್ರಿ ಹನ್ನೊಂದರವರೆಗೆ ಹಾಗೆ ಬಾಗಿ ಕೂತರೆ ಸೊಂಟದ ಗತಿ ಏನಾಗುತ್ತದೆಂಬುದನ್ನು ನಾವು ಹೇಳಬೇಕಿಲ್ಲ. ಬಹಳ ಮಂದಿ ಕೊನೆಗೆ ಕನ್ನಡಕ ತೆಗೆದಿಟ್ಟು ಬೆರಳಿನ ಅಂದಾಜಿನ ಮೇಲೆಯೇ ಸುಲಿಯುತ್ತಾರೆ. ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ್ಜೆ ಬೇರ್ಪಡಿಸುವವರ ಪಾಡೂ ಬಹುಮಟ್ಟಿಗೆ ಇದೇ, ಏಕೆಂದರೆ ಅಡಿಕೆಯ ಬಣ್ಣ ಮತ್ತು ಮೈ ನೋಡುವುದು ಹರಡಿದ ರಾಶಿಯ ಮೇಲೆ, ಮುಖದ ಬಳಿ ಹಿಡಿದು ಅಲ್ಲ.

ಇದಕ್ಕೆ ತೀರಾ ವಿರುದ್ಧವಾದ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಸಾಗರ, ಸೊರಬದ ಕಡೆ ಗಂಧದ ಕೆತ್ತನೆ ಮಾಡುವ ಗುಡಿಗಾರರು ಕೆಲಸವನ್ನು ಕಣ್ಣಿಗೆ ಬಹಳ ಹತ್ತಿರ ತಂದುಕೊಳ್ಳುತ್ತಾರೆ. 30 ಸೆಂಟಿಮೀಟರಿನಲ್ಲಿ ಉಳಿಯ ಮೊನೆ ಕಾಣಬೇಕಾದ ಹಿರಿಯ ಕೆಲಸಗಾರರಿಗೆ 2.50 ಸಾಲುವುದಿಲ್ಲ, 3.00ಕ್ಕಿಂತ ಹೆಚ್ಚೇ ಬೇಕಾಗಬಹುದು. ಒಂದೇ ವಯಸ್ಸು, ಚೀಟಿಯಲ್ಲಿ ಒಂದೇ ಸಂಖ್ಯೆ ಇರುವ ಇಬ್ಬರಿಗೆ ಎರಡು ಬೇರೆ ಕನ್ನಡಕ ಬೇಕಾಗುತ್ತದೆ, ಮತ್ತು ಈ ವ್ಯತ್ಯಾಸ ಚೀಟಿಯ ಫೋಟೊದಲ್ಲಿ ಕಾಣುವುದಿಲ್ಲ. ನಾವು ಪದ್ಧತಿ ಬದಲಿಸುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

ಕೈಕೆಲಸಕ್ಕೆ ಚಾಳೀಸು ಕನ್ನಡಕ ಅಷ್ಟು ಮುಖ್ಯವೇ ಎಂದು ಅನುಮಾನಿಸುವವರು ಅಸ್ಸಾಮಿನ ಚಹಾ ತೋಟವೊಂದರಲ್ಲಿ ನಡೆದ, 2018ರಲ್ಲಿ ಲ್ಯಾನ್ಸೆಟ್ ಸಮೂಹದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವನ್ನು ಗಮನಿಸಬಹುದು. ನಲವತ್ತು ದಾಟಿದ ಎಲೆ ಕೀಳುವವರಲ್ಲಿ ಒಂದು ಗುಂಪಿಗೆ ಹತ್ತಿರದ ಕನ್ನಡಕ ಕೊಟ್ಟಾಗ, ಕೊಡದವರಿಗೆ ಹೋಲಿಸಿದರೆ ಅವರು ಕಿತ್ತ ಎಲೆಯ ತೂಕ ಶೇ. 20ಕ್ಕೂ ಹೆಚ್ಚು ಏರಿತ್ತು. ಸುಲಿದ ಲೆಕ್ಕದ ಮೇಲೆ ಕೂಲಿ ಪಡೆಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಪವರ್ ತೀರ್ಮಾನವಾದ ಮೇಲೆ ಲೆನ್ಸಿನ ಬಗೆ ಆರಿಸಬೇಕು. ಹತ್ತಿರದ್ದಕ್ಕೆ ಮಾತ್ರ ಇರುವ ಒಂದೇ ಪವರಿನ ಲೆನ್ಸ್ ಅಗ್ಗದ್ದು, ನೋಟದ ಜಾಗ ವಿಶಾಲವಾದದ್ದು. ಕೂತು ಒಂದೇ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂಬುದು ನಮ್ಮ ಅಭಿಪ್ರಾಯ, ಲಾಭ ಇದರಲ್ಲಿ ಕಡಿಮೆಯಾದರೂ. ಎದ್ದು ಓಡಾಡುವಾಗ ಇದನ್ನು ತೆಗೆಯಬೇಕಾಗುತ್ತದೆ, ಇಲ್ಲವಾದರೆ ಎದುರಿಗೆ ಬಂದವರ ಮುಖ ಮಸುಕು. ಬೈಫೋಕಲ್‌ನಲ್ಲಿ ಮೇಲೆ ದೂರದ ಪವರ್, ಕೆಳಗೆ ಗೆರೆಯೊಳಗೆ ಹತ್ತಿರದ ಪವರ್ ಇರುತ್ತದೆ. ಬಸ್ಸಿನ ಕಂಡಕ್ಟರ್, ಅಂಗಡಿಯ ಗಲ್ಲೆಯಲ್ಲಿ ಕೂರುವವರು, ಪಾಠ ಹೇಳುವವರು, ಹೀಗೆ ಎದುರಿನವರನ್ನೂ ಕೈಯಲ್ಲಿರುವುದನ್ನೂ ಒಂದರ ಹಿಂದೆ ಒಂದು ನೋಡಬೇಕಾದವರಿಗೆ ಅದು ಇಂದಿಗೂ ಒಳ್ಳೆಯ ಲೆನ್ಸೇ. ಅದರ ಗೆರೆ ಎದ್ದು ಕಾಣುತ್ತದೆ, ವಯಸ್ಸು ತೋರಿಸುತ್ತದೆ ಎಂದು ಕೆಲವರು ಬೇಡವೆನ್ನುತ್ತಾರೆ, ಅದು ಅವರವರ ಇಷ್ಟ.

ಪ್ರೋಗ್ರೆಸಿವ್ ಲೆನ್ಸ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ, ಫ್ರಾನ್ಸಿನ ಬರ್ನಾರ್ ಮೆತೆನಾ ಅವರು ರೂಪಿಸಿದ ವ್ಯಾರಿಲಕ್ಸ್ ಮೂಲಕ. ಇದರಲ್ಲಿ ಗೆರೆ ಇರುವುದಿಲ್ಲ. ಮೇಲಿನಿಂದ ಕೆಳಕ್ಕೆ ಪವರ್ ನಿಧಾನವಾಗಿ ಏರುತ್ತದೆ. ಆದರೆ ಹಾಗೆ ಏರುವುದು ನಡುವಿನ ಕಿರಿದಾದ ಓಣಿಯಲ್ಲಿ ಮಾತ್ರ, ಅದರ ಎರಡೂ ಬದಿಯಲ್ಲಿ ನೋಟ ಅಲುಗಿದಂತೆ, ಓರೆಯಾದಂತೆ ಕಾಣುವುದು ಈ ಲೆನ್ಸಿನ ಹುಟ್ಟುಗುಣ. ಬೆಲೆ ಹೆಚ್ಚಾದಂತೆ ಅದು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಓಣಿ ಸರಿಯಾಗಿ ಪಾಪೆಯ ಎದುರಿಗೇ ಬರಬೇಕು, ಮತ್ತು ಅದಕ್ಕಾಗಿ ಮೂಗಿನ ಮಧ್ಯದಿಂದ ಬಲಗಣ್ಣಿಗೆಷ್ಟು, ಎಡಗಣ್ಣಿಗೆಷ್ಟು, ಆರಿಸಿದ ಫ್ರೇಮು ಮುಖದ ಮೇಲೆ ಕೂತಾಗ ಅದರ ಕೆಳಗಿನ ಅಂಚಿನಿಂದ ಪಾಪೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಎರಡು ಕಣ್ಣಿನ ಅಳತೆ ಒಂದೇ ಇರಬೇಕೆಂದಿಲ್ಲ. ಹಳೆಯ ಕನ್ನಡಕದಿಂದ ಈ ಅಳತೆ ಸಿಗುವುದಿಲ್ಲ, ಏಕೆಂದರೆ ಹೊಸ ಫ್ರೇಮು ಮೂಗಿನ ಮೇಲೆ ಕೂರುವ ಜಾಗವೇ ಬೇರೆ. ತಯಾರಾಗಿ ಬಂದ ಲೆನ್ಸಿನ ಮೇಲೆ ಹಳದಿ ಅಥವಾ ಬಿಳಿ ಶಾಯಿಯಲ್ಲಿ ಒಂದು ಸಣ್ಣ ಕೂಡುಗುರುತು ಮುದ್ರಿತವಾಗಿರುತ್ತದೆ. ನಿಮ್ಮ ಮುಖಕ್ಕೆ ಕನ್ನಡಕ ಏರಿಸಿ, ಆ ಗುರುತು ಪಾಪೆಯ ನಡುವೆ ಬಂದಿದೆಯೇ ಎಂದು ಎದುರಿಗೆ ಕೂತು ನೋಡಿ, ಬಂದಿದ್ದರೆ ಮಾತ್ರ ಶಾಯಿಯನ್ನು ಒರೆಸುತ್ತೇವೆ. ಎತ್ತರ ಕಡಿಮೆಯಾದ, ಪಟ್ಟಿಯಂತಹ ಫ್ರೇಮನ್ನು ಪ್ರೋಗ್ರೆಸಿವ್‌ಗೆ ನಾವು ಒಪ್ಪುವುದಿಲ್ಲ, ಅದರಲ್ಲಿ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ.

ಸಹಕಾರ ಸಂಘಗಳಲ್ಲಿ, ಬ್ಯಾಂಕುಗಳಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಪ್ರೋಗ್ರೆಸಿವ್ ಹಾಕಿಕೊಂಡು ಕುತ್ತಿಗೆ ನೋವೆನ್ನುವುದು ಸಾಮಾನ್ಯ. ಪರದೆ ಇರುವುದು 60–70 ಸೆಂಟಿಮೀಟರ್ ದೂರದಲ್ಲಿ, ಅದೂ ಕಣ್ಣಿನ ಮಟ್ಟಕ್ಕೆ. ಆ ದೂರಕ್ಕೆ ಬೇಕಾದ ಪವರ್ ಲೆನ್ಸಿನ ಮಧ್ಯಭಾಗಕ್ಕಿಂತ ಕೆಳಗಿದೆ, ಹಾಗಾಗಿ ಗಲ್ಲ ಎತ್ತಿ ನೋಡುವ ಅಭ್ಯಾಸ ಬೀಳುತ್ತದೆ. ಇಂಥವರಿಗೆ ಪರದೆ ಮತ್ತು ಮೇಜು ಎರಡಕ್ಕೂ ಹೊಂದುವ ಆಫೀಸ್ ಲೆನ್ಸ್ ಬೇರೆ ಇದೆ. ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು.

ನಮ್ಮ ಕಡೆಗೆ ವಿಶೇಷವಾಗಿ ಹೇಳಬೇಕಾದದ್ದು ಮೆಟ್ಟಿಲಿನ ವಿಷಯ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಹಾಕಿ ಕೆಳಗೆ ನೋಡಿದಾಗ ಕಾಲಿನ ಮುಂದಿನ ನೆಲ ಓದುವ ಭಾಗದಿಂದ ಕಾಣುತ್ತದೆ, ಅಂದರೆ ಮಸುಕಾಗಿ ಕಾಣುತ್ತದೆ. ಪಾಚಿ ಹಿಡಿದ ಜಂಬಿಟ್ಟಿಗೆ ಮೆಟ್ಟಿಲು, ತೋಟದ ಸಾರ (ಕಾಲುಸಂಕ), ಮಳೆಗಾಲದ ಅಂಗಳ ಇವುಗಳಲ್ಲಿ ಅಷ್ಟೇ ಸಾಕು ಕಾಲು ತಪ್ಪುವುದಕ್ಕೆ. ಬಹುಪವರಿನ ಕನ್ನಡಕ ಹಾಕುವ ಹಿರಿಯರಿಗೆ ಹೊರಗೆ ಓಡಾಡಲೆಂದು ದೂರದ ಪವರ್ ಮಾತ್ರ ಇರುವ ಇನ್ನೊಂದು ಕನ್ನಡಕ ಕೊಟ್ಟು ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು: ಹೊರಗಡೆ ಹೆಚ್ಚು ಓಡಾಡುವವರಲ್ಲಿ ಬೀಳುವುದು ಕಡಿಮೆಯಾಯಿತು, ಆದರೆ ಹೆಚ್ಚು ಹೊರಗೆ ಹೋಗದವರು ಹೊರಗಡೆ ಬೀಳುವುದು ಹೆಚ್ಚಾಯಿತು. ಆದ್ದರಿಂದ ಎಲ್ಲರಿಗೂ ಎರಡು ಕನ್ನಡಕ ಮಾಡಿಸಿ ಎಂದು ನಾವು ಹೇಳುವುದಿಲ್ಲ. ತೋಟ, ಗದ್ದೆ, ಗುಡ್ಡ ಎಂದು ದಿನವೂ ತಿರುಗುವವರಿಗೆ ಮಾತ್ರ ಸೂಚಿಸುತ್ತೇವೆ, ಮತ್ತು ಮರ ಹತ್ತಿ ಅಡಿಕೆಯ ಗೊನೆ ತೆಗೆಯುವವರಿಗೆ ಬೈಫೋಕಲ್ ಬೇಡವೆಂದೇ ಹೇಳುತ್ತೇವೆ.

ನೀಲಿ ಬೆಳಕು ತಡೆಯುವ ಲೇಪನದ ಬಗ್ಗೆ ಕೇಳುವವರು ಬಹಳ. ಅದರಿಂದ ಕಂಪ್ಯೂಟರ್ ಬಳಸುವವರ ಕಣ್ಣಿನ ಆಯಾಸ ಕಡಿಮೆಯಾಗುವಂತೆ ಕಾಣುವುದಿಲ್ಲ ಎಂದು 2023ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕೊಕ್ರೇನ್ ವಿಮರ್ಶೆ ತಿಳಿಸಿದೆ. ಕೇಳಿದವರಿಗೆ ತರಿಸಿಕೊಡುತ್ತೇವೆ, ನಾವಾಗಿ ಶಿಫಾರಸು ಮಾಡುವುದಿಲ್ಲ. ಅದಕ್ಕೆ ಕೊಡುವ ಹಣದಲ್ಲಿ ಕೂರುವ ಜಾಗದ ಮೇಲೆ ಒಂದು ಒಳ್ಳೆಯ ಬಲ್ಬು ಹಾಕಿಸಿಕೊಳ್ಳುವುದು ಮೇಲು. ಮಬ್ಬು ಬೆಳಕಿನಲ್ಲಿ ಪಾಪೆ ಹಿಗ್ಗುವುದರಿಂದ ಮಸುಕು ಇನ್ನಷ್ಟು ಹೆಚ್ಚುತ್ತದೆ, ಆಷಾಢದ ಮಧ್ಯಾಹ್ನದಲ್ಲಿ ಕನ್ನಡಕ ಸಾಲದಂತೆ ತೋರುವುದಕ್ಕೆ ಇದೂ ಒಂದು ಕಾರಣ.

ನಮ್ಮದು ಕನ್ನಡಕದ ಅಂಗಡಿ, ಆಸ್ಪತ್ರೆಯಲ್ಲ. ಚಾಳೀಸು ಕನ್ನಡಕ ಮೊದಲ ಬಾರಿಗೆ ಮಾಡಿಸುವವರು ಮೆಗ್ಗಾನ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲೋ ತಮಗೆ ಅನುಕೂಲವಾದ ಕಣ್ಣಿನ ವೈದ್ಯರಲ್ಲೋ ಪರೀಕ್ಷೆ ಮಾಡಿಸಿಕೊಂಡೇ ಬರಬೇಕು, ಏಕೆಂದರೆ ನಲವತ್ತರ ನಂತರ ಕಣ್ಣಿನ ಒತ್ತಡವನ್ನೂ ಹಿಂಭಾಗದ ನರವನ್ನೂ ನೋಡಿಸಿಕೊಳ್ಳುವುದು ಅಗತ್ಯ, ಮತ್ತು ಆ ನರವನ್ನು ಹಾಳುಮಾಡುವ ಗ್ಲಾಕೋಮಾ ರೋಗ ಬಹಳಷ್ಟು ಮಂದಿಯಲ್ಲಿ ಆರಂಭದಲ್ಲಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಾಗ ಕಣ್ಣಿನ ಪವರ್ ಏರಿಳಿಯುತ್ತದೆ. ಅಂಥ ಸಮಯದಲ್ಲಿ ಆರ್ಡರ್ ತೆಗೆದುಕೊಳ್ಳದೆ, ಸಕ್ಕರೆ ಸ್ಥಿರವಾದ ಮೇಲೆ ಬರಲು ವಿನಂತಿಸುತ್ತೇವೆ. ಮನೆಯ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪತ್ರಿಕೆ ಓದತೊಡಗಿದರೆ ಸಂತೋಷಪಟ್ಟು ಸುಮ್ಮನಾಗಬಾರದು. ಕಣ್ಣಿನ ಪೊರೆ ಬಲಿಯುವಾಗ ಕೆಲವರಲ್ಲಿ ಹೀಗಾಗುತ್ತದೆ, ದೂರದ ನೋಟ ಅದೇ ಹೊತ್ತಿಗೆ ಕುಗ್ಗಿರುತ್ತದೆ.

ಸಿದ್ಧ ಕನ್ನಡಕಗಳನ್ನು ಮಾರುವುದನ್ನು ನಿಲ್ಲಿಸಿಲ್ಲ. ಅವುಗಳಿಂದ ಕಣ್ಣು ಹಾಳಾಗುವುದಿಲ್ಲ, ಬೆಲೆಯೂ ಕಡಿಮೆ. ಎರಡೂ ಕಣ್ಣಿಗೆ ಒಂದೇ ಪವರ್ ಇದ್ದು ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದಾಗ ಕೊಡುವ ಪವರ್) ಇಲ್ಲದವರಿಗೆ ಅವು ಸಾಕು. ಯಾರಿಗೆ ಸಾಕು, ಯಾರಿಗೆ ಸಾಲದು ಎಂಬುದನ್ನು ಅದೇ ಭೇಟಿಯಲ್ಲಿ ತಿಳಿಸುತ್ತೇವೆ.

ಅಳತೆಗೆ ಬರುವಾಗ ವೈದ್ಯರ ಚೀಟಿ, ಈಗ ಬಳಸುತ್ತಿರುವ ಕನ್ನಡಕ ಮತ್ತು ಸಾಧ್ಯವಿದ್ದರೆ ನಿಮ್ಮ ಕೆಲಸದ ವಸ್ತುವನ್ನು ತನ್ನಿ: ಹೊಲಿಗೆಯವರು ಬಟ್ಟೆ ಮತ್ತು ಸೂಜಿ, ಲೆಕ್ಕ ಬರೆಯುವವರು ಪುಸ್ತಕ, ಅಡಿಕೆಯವರು ನಾಲ್ಕು ಅಡಿಕೆ. ನೆಲದ ಮೇಲೆ ಕೂತು ಕೆಲಸ ಮಾಡುವವರಿಗಾಗಿ ಅಂಗಡಿಯ ಒಳಗೆ ಮಣೆ ಹಾಕಿ ಜಾಗ ಮಾಡಿದ್ದೇವೆ. ಮೆಟ್ಟುಗತ್ತಿಯನ್ನು ಮಾತ್ರ ಬಸ್ಸಿನಲ್ಲಿ ತರುವುದು ಬೇಡ, ಕತ್ತಿಯಿಲ್ಲದ ಮೆಟ್ಟು ಇಲ್ಲಿಯೇ ಇದೆ. ಮುಕ್ಕಾಲು ಗಂಟೆಯಷ್ಟು ಸಮಯ ಬೇಕಾಗುವುದರಿಂದ ಹಿಂದಿನ ದಿನ ಫೋನ್ ಮಾಡಿ ಹೊತ್ತು ಗೊತ್ತು ಮಾಡಿಕೊಂಡರೆ ಕಾಯಬೇಕಾಗುವುದಿಲ್ಲ, ಮತ್ತು ದೂರದಿಂದ ಬರುವವರಿಗೆ ಹಿಂದಿರುಗುವ ಬಸ್ಸಿನ ಹೊತ್ತು ನೋಡಿಯೇ ಸಮಯ ಕೊಡುತ್ತೇವೆ. ಅಳತೆಗೆ ಪ್ರತ್ಯೇಕ ಶುಲ್ಕವಿಲ್ಲ. ಒಂದೇ ಪವರಿನ ಕನ್ನಡಕವನ್ನು ಮನೆಯ ಯಾರು ಬೇಕಾದರೂ ಬಂದು ಒಯ್ಯಬಹುದು. ಬೈಫೋಕಲ್ ಮತ್ತು ಪ್ರೋಗ್ರೆಸಿವ್ ಒಯ್ಯಲು ಧರಿಸುವವರೇ ಬರಬೇಕು. ಪ್ರೋಗ್ರೆಸಿವ್‌ಗೆ ಹೊಂದಿಕೊಳ್ಳಲು ಕೆಲವರಿಗೆ ಎರಡು ವಾರ ಬೇಕಾಗುತ್ತದೆ. ಒಂದು ತಿಂಗಳಾದರೂ ಹೊಂದದಿದ್ದರೆ ಅದೇ ಫ್ರೇಮಿಗೆ ಬೈಫೋಕಲ್ ಹಾಕಿಕೊಟ್ಟು, ಬೆಲೆಯ ವ್ಯತ್ಯಾಸವನ್ನು ಹಿಂದಿರುಗಿಸುತ್ತೇವೆ. ಈ ತಿಂಗಳ ಕೊನೆಯೊಳಗೆ ಹಳೆಯ ಪದ್ಧತಿಯಂತೆ ಬಂದ ಆರ್ಡರುಗಳನ್ನು ಹಾಗೆಯೇ ಪೂರೈಸಲಾಗುವುದು.

ಇಂತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು ಮತ್ತು ಸಿಬ್ಬಂದಿ