ಗೆಳೆಯನಿಗೊಂದು ಪತ್ರ: ವುಡ್‌ವರ್ಡ್ ರಸ್ತೆಯ ಹಳೇ ಕಾರುಗಳು

ಪ್ರೀತಿಯ ಗೆಳೆಯಾ,

ನಾನು ಕಳಿಸಿದ ಹಳೇ ಕಾರುಗಳ ಫೋಟೊ ನೋಡಿ ನೀನು ಕಳಿಸಿದ ವಾಯ್ಸ್ ಮೆಸೇಜಿಗೆ ಎರಡು ಸಾಲು ಉತ್ತರ ಬರೆಯೋಣ ಅಂತ ಕೂತೆ, ಇಷ್ಟುದ್ದ ಆಯಿತು. ವರ್ಕ್‌ಶಾಪಿನಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಓದು. ನಮ್ಮ ಬ್ಯಾಚಿನವರೂ ಕೇಳ್ತಿದ್ದರು, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಇಲ್ಲಿ ಅಮೆರಿಕದಲ್ಲಿ ಎಲ್ಲ ಕ್ಷೇಮ. ಸೆಪ್ಟೆಂಬರ್ ಬಂತು, ಬೆಳಗಿನ ಹೊತ್ತು ಸ್ವೆಟರ್ ಬೇಕು. ಕರಿಬೇವಿನ ಕುಂಡ ಯಾವತ್ತು ಒಳಗೆ ತರೋದು ಅಂತ ಇವಳಿಗೂ ನನಗೂ ವರ್ಷಾ ವರ್ಷ ನಡೆಯುವ ಚರ್ಚೆ ಈ ಸಲವೂ ಶುರುವಾಗಿದೆ. ಪಂಪ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ನಾಟಕದಲ್ಲಿ ಪಾರ್ಟು ಮಾಡು ಅಂತ ಗಂಟು ಬಿದ್ದಿದ್ದಾರೆ. ದೊಡ್ಡ ಪಾರ್ಟಲ್ಲ, ಪೋಸ್ಟ್‌ಮ್ಯಾನು. ಮಗಳು ಡ್ರೈವಿಂಗ್ ಕ್ಲಾಸಿಗೆ ಹೋಗ್ತಿದ್ದಾಳೆ. ಮಿಷಿಗನ್ನಿನಲ್ಲಿ ಹದಿನಾಲ್ಕು ವರ್ಷ ಎಂಟು ತಿಂಗಳು ತುಂಬಿದರೆ ಪಾಠ ಶುರು ಮಾಡಬಹುದು. ನಾವು ಆ ವಯಸ್ಸಿನಲ್ಲಿ ನಿಮ್ಮಪ್ಪನ ಲಾರಿ ಸ್ಟೇರಿಂಗ್ ಹಿಡಿದು ಬಾಯಲ್ಲೇ ಹಾರ್ನ್ ಹೊಡೀತಿದ್ದೆವು.

ನೀನು ಕೇಳಿದ್ದು ಆ ಫೋಟೊದಲ್ಲಿರೋ ಗುಲಾಬಿ ಬಣ್ಣದ ಉದ್ದನೆಯ ಕಾರಿನ ಬಗ್ಗೆ. ಅದು 1959ರ ಕ್ಯಾಡಿಲಾಕ್ ಮಾರಾಯ. ಮೂತಿಯಿಂದ ಬಾಲದವರೆಗೆ ಹೆಚ್ಚು ಕಮ್ಮಿ ಹತ್ತೊಂಬತ್ತು ಅಡಿ. ಪಕ್ಕದಲ್ಲಿ ಅಂಬಾಸಡರ್ ನಿಲ್ಲಿಸಿದರೆ ಇದು ನಾಲ್ಕೂವರೆ ಅಡಿ ಮುಂದಿರ್ತದೆ. ಹಿಂದೆ ಎದ್ದು ನಿಂತಿರೋ ಆ ರೆಕ್ಕೆಗಳಿಂದ ಏನೂ ಉಪಯೋಗ ಇಲ್ಲ, ನೀನು ಸರಿಯಾಗೇ ಊಹಿಸಿದ್ದೀ. ಜನರಲ್ ಮೋಟಾರ್ಸ್‌ನಲ್ಲಿ ಹಾರ್ಲಿ ಅರ್ಲ್ ಅಂತ ಒಬ್ಬರು ವಿನ್ಯಾಸದ ಮುಖ್ಯಸ್ಥರಿದ್ದರು. ಯುದ್ಧಕಾಲದ ಪಿ-38 ವಿಮಾನದ ಬಾಲ ಅವರ ಮನಸ್ಸಿಗೆ ಹಿಡಿಸಿತು. 1948ರ ಕ್ಯಾಡಿಲಾಕ್‌ಗೆ ಸಣ್ಣ ಉಬ್ಬಾಗಿ ಬಂದದ್ದು, ಪಕ್ಕದ ಕಂಪನಿಗಳ ಜೊತೆ ಪೈಪೋಟಿಗೆ ಬಿದ್ದು ವರ್ಷದಿಂದ ವರ್ಷಕ್ಕೆ ಬೆಳೀತಾ ಹೋಯಿತು. 59ರಲ್ಲಿ ಅದು ಮುಟ್ಟಿದ ಎತ್ತರವನ್ನು ಮತ್ತೆ ಯಾರೂ ಮುಟ್ಟಲಿಲ್ಲ. ನನಗೆ ಅದಕ್ಕಿಂತ ಇಷ್ಟ 1957ರ ಶೆವ್ರೊಲೆ ಬೆಲ್ ಏರ್. ಅದರ ಪೆಟ್ರೋಲ್ ಮುಚ್ಚಳ ಎಲ್ಲಿದೆ ಅಂತ ಹುಡುಕಿದರೆ ಸಿಗೋದಿಲ್ಲ. ಎಡಗಡೆ ರೆಕ್ಕೆಯ ತುದಿಯಲ್ಲಿ ಕ್ರೋಮಿನ ಪಟ್ಟಿ ಇದೆಯಲ್ಲ, ಅದನ್ನು ಎಳೆದರೆ ತೆರೆದುಕೊಳ್ತದೆ. ಅಷ್ಟು ತಲೆ ಖರ್ಚು ಮಾಡಿದ್ದು ಒಂದು ಮುಚ್ಚಳ ಬಚ್ಚಿಡಲಿಕ್ಕೆ!

ಈ ಫೋಟೊಗಳೆಲ್ಲ ವುಡ್‌ವರ್ಡ್ ರಸ್ತೆಯದ್ದು. ಡೆಟ್ರಾಯಿಟ್ ನದಿ ದಂಡೆಯಿಂದ ಪಾಂಟಿಯಾಕ್ ಊರಿನ ತನಕ ಹೋಗುವ ಹೆದ್ದಾರಿ. 1909ರಲ್ಲೇ ಇದರ ಒಂದು ಮೈಲಿಗೆ ಕಾಂಕ್ರೀಟ್ ಹಾಸಿದ್ದರು, ನೋಡೋಕೆ ದೂರದೂರದಿಂದ ಜನ ಬಂದರಂತೆ. ಅರವತ್ತರ ದಶಕದಲ್ಲಿ ರಾತ್ರಿ ಹೊತ್ತು ಹುಡುಗರು ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ರೇಸ್ ಬಿಡುತ್ತಿದ್ದರು. ಕಂಪನಿಗಳ ಎಂಜಿನಿಯರುಗಳೂ ಇನ್ನೂ ಮಾರಾಟಕ್ಕೆ ಬಾರದ ಗಾಡಿ ತಂದು ಅದೇ ಸಿಗ್ನಲ್‌ನಲ್ಲಿ ನಿಲ್ಲುತ್ತಿದ್ದರು ಅಂತ ಇಲ್ಲಿನ ಹಳಬರು ಹೇಳ್ತಾರೆ. 1995ರಲ್ಲಿ ಫರ್ನ್‌ಡೇಲ್ ಅನ್ನೋ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಕೂಡಿಸಬೇಕು ಅಂತ ಹಳೇ ಕಾರುಗಳ ಮೆರವಣಿಗೆ ಮಾಡಿದರು. ಈಗ ಅದು ಆಗಸ್ಟಿನ ಮೂರನೇ ಶನಿವಾರದ ದೊಡ್ಡ ಜಾತ್ರೆ. ಜನ ಫುಟ್‌ಪಾತಿನಲ್ಲಿ ಮಡಿಸುವ ಕುರ್ಚಿ ಹಾಕಿ ಬೆಳಿಗ್ಗೆಯೇ ಜಾಗ ಹಿಡಿದಿರ್ತಾರೆ, ನಮ್ಮಲ್ಲಿ ತೇರಿನ ಬೀದಿಯ ಜಗಲಿ ಹಿಡಿಯೋ ಹಾಗೆ.

ನೀನು ಬಂದಿದ್ದರೆ ಪಾಂಟಿಯಾಕ್ ಜಿಟಿಒ ಅನ್ನೋ ಕಾರಿನ ಎದುರು ನಿಂತವನು ಅಲ್ಲಾಡ್ತಿರಲಿಲ್ಲ. 1964ರದ್ದು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಬಾರದು ಅಂತ ಅದನ್ನು ಮಾಡುತ್ತಿದ್ದ ಜನರಲ್ ಮೋಟಾರ್ಸ್ ಕಂಪನಿಯದೇ ಕಟ್ಟಪ್ಪಣೆ ಇತ್ತು. ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತವರ ಜೊತೆಯವರು ಏನು ಮಾಡಿದರು ಗೊತ್ತಾ? ದೊಡ್ಡ ಕಾರಿನ 389, ಅಂದರೆ 6.4 ಲೀಟರಿನ ವಿ-8 ಎಂಜಿನ್ ತಂದು ಇಳಿಸಿದರು. ಇದು ಹೊಸ ಕಾರಲ್ಲ ಸ್ವಾಮಿ, ಬೇಕಾದವರು ದುಡ್ಡು ಕೊಟ್ಟು ಸೇರಿಸಿಕೊಳ್ಳೋ ಐಚ್ಛಿಕ ಸಾಮಾನು ಅಂತ ಕಾಗದದ ಮೇಲೆ ಬರೆದರು. ಮೇಲಿನವರಿಗೆ ತಿಳಿಯೋ ಹೊತ್ತಿಗೆ ಡೀಲರುಗಳ ಹತ್ತಿರ ಆರ್ಡರ್ ಸಾಲುಗಟ್ಟಿತ್ತು. ಮೈಲೇಜ್ ಮಾತ್ರ ಕೇಳಬೇಡ. ಇಂಥ ಗಾಡಿಗಳು ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಟ್ಟರೆ ಪುಣ್ಯ. ಆಗ ಒಂದು ಗ್ಯಾಲನ್, ಅಂದರೆ 3.8 ಲೀಟರ್ ಪೆಟ್ರೋಲಿಗೆ ಮೂವತ್ತು ಸೆಂಟಿನ ಆಸುಪಾಸು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ ಮೇಲೆ ಆ ಆಟ ಮುಗಿಯಿತು. ಪಾಂಟಿಯಾಕ್ ಅನ್ನೋ ಕಾರೇ ಈಗಿಲ್ಲ, 2010ಕ್ಕೆ ನಿಂತುಹೋಯಿತು. ಓಲ್ಡ್ಸ್‌ಮೊಬೈಲ್ 2004ಕ್ಕೆ, ಪ್ಲಿಮತ್ ಅದಕ್ಕೂ ಮೊದಲು.

ನಾನು ಹೋಗಿದ್ದು ಪಕ್ಕದ ಮನೆಯವರ ಕಾರಿನಲ್ಲಿ, 1965ರ ಶೆವ್ರೊಲೆ ಇಂಪಾಲ. ಆ ಒಂದೇ ವರ್ಷ ಹತ್ತು ಲಕ್ಷಕ್ಕೂ ಮಿಕ್ಕಿ ಇಂಪಾಲ ಮಾರಾಟವಾಗಿದ್ದವು, ಹಾಗಾಗಿ ಅಪರೂಪದ ಗಾಡಿ ಏನಲ್ಲ. ಹಿಂದೆ ಎಡಕ್ಕೆ ಮೂರು ಬಲಕ್ಕೆ ಮೂರು ದುಂಡು ದೀಪ. ಮುಂದಿನ ಸೀಟು ಈ ಬಾಗಿಲಿಂದ ಆ ಬಾಗಿಲಿನವರೆಗೆ ಒಂದೇ ಬೆಂಚು. ಮೂವರು ಆರಾಮಾಗಿ ಕೂರಬಹುದು, ನಮ್ಮೂರಿನ ಲೆಕ್ಕದಲ್ಲಿ ಐವರು. ಹೆಡ್‌ಲೈಟ್ ಡಿಮ್ ಮಾಡೋ ಗುಂಡಿ ಎಡಗಾಲಿನ ಕೆಳಗೆ. ಕಿಟಕಿ ಪಕ್ಕ ಆ ತ್ರಿಕೋನದ ಪುಟ್ಟ ಗಾಜು, ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಬಡಿಯುತ್ತೆ. ಮಗಳು ಅದನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಾ, ಈಗಿನ ಕಾರಿಗೆ ಇದನ್ನು ಯಾಕೆ ಇಡೋದಿಲ್ಲ ಅಂತ ಕೇಳಿದಳು. ನನಗೆ ಒಳ್ಳೆಯ ಉತ್ತರ ಸಿಗಲಿಲ್ಲ.

ಆದರೆ ನಾನು ಹೊಟ್ಟೆ ಹೊರೆಯೋದು ಬ್ರೇಕಿನ ಸಾಫ್ಟ್‌ವೇರ್ ಪರೀಕ್ಷೆ ಮಾಡಿ, ಅದು ನಿನಗೆ ಗೊತ್ತಲ್ಲ. ಬಾನೆಟ್ ಎತ್ತಿದ ಕೂಡಲೇ ನನ್ನ ಕಣ್ಣು ಹೋದದ್ದು ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಎಣ್ಣೆ ದೂಡುವ ಮಾಸ್ಟರ್ ಸಿಲಿಂಡರಿಗೆ. ಆ ಕಾಲದ ಬಹುತೇಕ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲೋ ಒಂದು ಕಡೆ ಪೈಪು ಸೋರಿದರೆ ಪೆಡಲ್ ಸೀದಾ ನೆಲಕ್ಕೆ. ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಮಾಡಿದ್ದು ಆ ದಶಕದ ಕೊನೆಗೆ. ಡ್ಯಾಶ್‌ಬೋರ್ಡು ಬರೀ ಉಕ್ಕಿನ ತಗಡು. ಡಿಕ್ಕಿಯಾದರೆ ಕಾರು ಉಳೀತಿತ್ತು, ಒಳಗಿದ್ದವರು ಉಳೀತಿರಲಿಲ್ಲ. ಗಾಡಿಗಳ ಸುರಕ್ಷತೆಗೆ ಅಮೆರಿಕ ಕಾನೂನು ಮಾಡಿದ್ದು 1966ರಲ್ಲಿ. ಆ ವರ್ಷ ಹತ್ತು ಕೋಟಿ ಮೈಲಿ ಓಡಾಟಕ್ಕೆ ಐದೂವರೆ ಸಾವು; ಈಗ ಸುಮಾರು ಒಂದೂಕಾಲು. ಹಳೇ ಕಾರು ಗಟ್ಟಿ, ಹೊಸವು ತಗಡಿನ ಡಬ್ಬ ಅಂತ ಯಾರಾದರೂ ನಿನ್ನ ವರ್ಕ್‌ಶಾಪಿನಲ್ಲಿ ಭಾಷಣ ಮಾಡಿದರೆ ಈ ಲೆಕ್ಕ ಹೇಳು. ಒಳಗಿರೋರಿಗೆ ಪೆಟ್ಟು ತಾಗದ ಹಾಗೆ ತಾನು ನುಜ್ಜುಗುಜ್ಜಾಗೋದೇ ಹೊಸ ಕಾರಿನ ಕೆಲಸ. ಇಷ್ಟೆಲ್ಲ ಗೊತ್ತಿದ್ದೂ ಆ ಬೆಂಚಿನ ಮೇಲೆ ಕೂತಿದ್ದೆ, ಮಗಳನ್ನೂ ಕೂರಿಸಿದ್ದೆ. ಜನಸಂದಣಿಯಲ್ಲಿ ಗಂಟೆಗೆ ಐದಾರು ಮೈಲಿ ವೇಗ, ಏನಾಗ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈಗ ನಿನಗೆ ಖುಷಿಯಾಗೋ ಸಂಗತಿ. ಆವತ್ತು ಬಿಸಿಲು ಜೋರಿತ್ತು. ನಮ್ಮ ಮುಂದಿದ್ದ ಒಂದು ಹಳೇ ಗಾಡಿ ಗಕ್ಕಂತ ನಿಂತಿತು. ಸೆಲ್ಫ್ ಹೊಡೀತದೆ, ಹಿಡಿಯೋದಿಲ್ಲ. ಪಕ್ಕಕ್ಕೆ ತಳ್ಳಿದೆವು. ಕಾರಿನ ತಪ್ಪೇನಿಲ್ಲ, ಈಗಿನ ಪೆಟ್ರೋಲಿಗೆ ಎಥೆನಾಲ್ ಬೆರೆಸಿರ್ತಾರೆ, ತೆವಳುವ ಟ್ರಾಫಿಕ್ಕಿನ ಶಾಖಕ್ಕೆ ಪೈಪಿನಲ್ಲೇ ಆವಿಯಾಗಿ ಪಂಪಿಗೆ ಬರೀ ಆವಿ ಸಿಗುತ್ತದೆ. ಹತ್ತು ಜನ ಸೇರಿ ಹನ್ನೊಂದು ಸಲಹೆ ಕೊಟ್ಟರು. ಒಬ್ಬ ಅಜ್ಜ ತನ್ನ ಕಾರಿನ ಡಿಕ್ಕಿಯಿಂದ ಬಟ್ಟೆ ಒಣಹಾಕೋ ಮರದ ಕ್ಲಿಪ್ಪುಗಳನ್ನು ತಂದು ಪೆಟ್ರೋಲ್ ಪೈಪಿಗೆ ಉದ್ದಕ್ಕೂ ಸಿಕ್ಕಿಸಿದ. ಇಲ್ಲಿನ ಹಳೇ ನಾಟಿ ವೈದ್ಯ ಅದು. ನನಗೆ ಕೊಟ್ಟಿಗೆಹಾರದ ತಿರುವಿನಲ್ಲಿ ನಿಂತ ನಿನ್ನ ಮಾವನ ಟ್ಯಾಕ್ಸಿ ನೆನಪಾಯಿತು. ಐಸ್ ಪೆಟ್ಟಿಗೆಯ ನೀರಲ್ಲಿ ಟವೆಲ್ ಅದ್ದಿ, ಎಸಿ ಪಂಪಿನ ಮೇಲೆ, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಎಳೆದುಕೊಡೋ ಪಂಪಿನ ಮೇಲೆ ಸುತ್ತಿ, ಸ್ವಲ್ಪ ಹೊತ್ತು ಸುಮ್ಮನಿರಿ ಅಂದೆ. ಆಮೇಲೆ ಕೀ ತಿರುಗಿಸಿದ್ದೇ ತಡ, ಹಿಡಿಯಿತು. ಕ್ಲಿಪ್ಪಿನಿಂದಲೇ ಆದದ್ದು ಅಂತ ಅಜ್ಜ, ಬಟ್ಟೆಯಿಂದ ಅಂತ ನಾನು. ಇಬ್ಬರೂ ಸೋಲಲಿಲ್ಲ. ನಿನ್ನ ಅಭಿಪ್ರಾಯ ಏನು, ನಿಜ ಹೇಳು: ಆ ಕ್ಲಿಪ್ಪಿನಿಂದ ಏನಾದರೂ ಆಗ್ತದಾ?

ಸಂಜೆ ವಾಪಸು ಬರೋವಾಗ ಪಕ್ಕದ ಮನೆಯವರು ಕಾರು ಬಂದ ಕಥೆ ಹೇಳಿದರು. ಅವರು ಕಪ್ಪು ಜನಾಂಗದವರು. ಅವರಪ್ಪ ಅಲಬಾಮಾದಿಂದ ಕೆಲಸ ಹುಡುಕಿಕೊಂಡು ರೈಲು ಹತ್ತಿ ಬಂದವರು. ಆ ಕಾಲಕ್ಕೆ ದಕ್ಷಿಣದಿಂದ ಲಕ್ಷಗಟ್ಟಲೆ ಜನ ಹಾಗೇ ಉತ್ತರದ ಊರುಗಳಿಗೆ ಬಂದರು. ಕಾರ್ಖಾನೆಗಳಲ್ಲಿ ಕಪ್ಪು ಕೆಲಸಗಾರರಿಗೆ ಸಿಗುತ್ತಿದ್ದದ್ದು ಸಾಮಾನ್ಯವಾಗಿ ಬೇರೆಯವರು ಒಲ್ಲದ ಕೆಲಸ, ಒಂದೋ ಕಬ್ಬಿಣ ಕರಗಿಸೋ ಫೌಂಡ್ರಿಯ ಬೆಂಕಿ ಇಲ್ಲವೇ ಪೇಂಟಿನ ಹೊಗೆ. ಅಪ್ಪ ಫೌಂಡ್ರಿಯಲ್ಲಿದ್ದರು. ಅದೇ ಸಂಬಳದಲ್ಲಿ ಮನೆ ಕಟ್ಟಿ, 65ರಲ್ಲಿ ಹೊಸ ಇಂಪಾಲವನ್ನೂ ಮನೆ ಮುಂದೆ ನಿಲ್ಲಿಸಿದರು. ಭಾನುವಾರ ಚರ್ಚಿಗೆ ಮಾತ್ರ ತೆಗೀತಿದ್ದದ್ದು. ಚಳಿಗಾಲದಲ್ಲಿ ಹೊರಗೆ ತೆಗೀತಲೇ ಇರಲಿಲ್ಲವಂತೆ, ಅದಕ್ಕೇ ಅದು ಇವತ್ತಿಗೂ ಉಳಿದಿದೆ. ಇಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪಿನ ಗಣಿ ಎಲ್ಲಿದೆ ಹೇಳು? ಡೆಟ್ರಾಯಿಟ್ ಊರಿನ ಕೆಳಗೇ, ಸುಮಾರು 1,200 ಅಡಿ ಆಳದಲ್ಲಿ. ಮೇಲೆ ಕಾರು ಮಾಡೋದು, ಅದನ್ನು ತಿಂದುಹಾಕೋ ಉಪ್ಪನ್ನು ಕೆಳಗಿಂದ ಅಗೆಯೋದು!

ಅವರು ಹುಟ್ಟಿದ್ದು ಬ್ಲ್ಯಾಕ್ ಬಾಟಮ್ ಅನ್ನೋ ಕೇರಿಯಲ್ಲಿ. ಆ ಕೇರಿ, ಪಕ್ಕದ ಹೇಸ್ಟಿಂಗ್ಸ್ ಬೀದಿಯ ಅಂಗಡಿಗಳು, ಹಾಡಿನ ಅಡ್ಡೆಗಳು ಎಲ್ಲವನ್ನೂ ಐವತ್ತರ, ಅರವತ್ತರ ದಶಕಗಳಲ್ಲಿ ನೆಲಸಮ ಮಾಡಿ, ಅದರ ಮೇಲೆ ಕಾರುಗಳಿಗಾಗಿ ಕ್ರೈಸ್ಲರ್ ಫ್ರೀವೇ ತೆಗೆದರು. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ಡೆಟ್ರಾಯಿಟ್ ಊರಿನಲ್ಲಿ 2020ಕ್ಕೆ ಉಳಿದವರು ಆರು ಲಕ್ಷ ನಲವತ್ತು ಸಾವಿರದಷ್ಟು. ಮನೆ ಹೋದದ್ದೂ ಕಾರಿಗೆ, ಮನೆ ಕಟ್ಟಿಸಿದ್ದೂ ಕಾರೇ ಅಂತ ಅವರು ನಗುತ್ತಲೇ ಹೇಳಿದರು. ಆ ಕಾಲ ಚೆನ್ನಾಗಿತ್ತಾ ಅಂತ ಮಗಳು ಕೇಳಿದ್ದಕ್ಕೆ, ಅಪ್ಪನ ಸಂಬಳ ಚೆನ್ನಾಗಿತ್ತು ಅಂದರು.

ಅಲ್ಲಿವರೆಗೆ ನನಗೊಂದು ಅನುಮಾನ ಇತ್ತು ಕಣೋ. ಮೂಡಿಗೆರೆಯ ಹುಡುಗ, ಹುಟ್ಟಿದ್ದು ಇವೆಲ್ಲ ಮುಗಿದ ಮೇಲೆ. ನನಗ್ಯಾಕೆ ಈ ಹಂಬಲ, ಬೇರೆಯವರ ಯೌವನ ನಾನ್ಯಾಕೆ ನೆನೆಸಿಕೊಳ್ಳಬೇಕು ಅಂತ. ಅವರ ಮಾತು ಕೇಳಿದ ಮೇಲೆ ಗೊತ್ತಾಯಿತು, ಕ್ರೋಮು, ರೆಕ್ಕೆ, ವಿ-8 ಸದ್ದು ಎಲ್ಲ ಚಂದವೇ, ಆದರೆ ನನ್ನನ್ನು ಎಳೆದದ್ದು ಅವಲ್ಲ. ಕಬ್ಬಿಣ ಕರಗಿಸಿದವನು ಅದೇ ಕಬ್ಬಿಣದ ಕಾರು ಕೊಳ್ಳಬಲ್ಲವನಾಗಿದ್ದ, ಬಾನೆಟ್ ಎತ್ತಿ ಅದನ್ನು ತಾನೇ ರಿಪೇರಿ ಮಾಡಬಲ್ಲವನೂ ಆಗಿದ್ದ. ಅದು ನಾನು ನಿಮ್ಮ ಮನೆ ಅಂಗಳದಲ್ಲಿ ನೋಡಿದ್ದೇ. ನಿಮ್ಮಪ್ಪ ಲಾರಿ ಕೆಳಗೆ ಗೋಣಿ ಹಾಸಿ ಮಲಗಿ ಸ್ಪ್ಯಾನರ್ ಕೇಳುತ್ತಿದ್ದರು, ನೀನು ಹತ್ತೊಂಬತ್ತು ನಂಬರಿನದ್ದನ್ನು ನೋಡದೇ ಎತ್ತಿ ಕೊಡುತ್ತಿದ್ದೆ. ನಾನು ಬರೆದು ಪರೀಕ್ಷೆ ಮಾಡಿದ ಬ್ರೇಕು ಕೆಟ್ಟರೆ ನಾನೇ ರಿಪೇರಿ ಮಾಡಲಾರೆ. ಲ್ಯಾಪ್‌ಟಾಪು, ಪಾಸ್‌ವರ್ಡು, ಕಂಪನಿಯ ಅನುಮತಿ ಎಲ್ಲ ಬೇಕು. ನಿನಗೂ ಈಗ ಸ್ಕ್ಯಾನರ್ ಇಲ್ಲದೆ ಕೈಯಾಡೋದಿಲ್ಲ ಅಂದಿದ್ದೆಯಲ್ಲ.

ಹಾಂ, ಆ ಲಾರಿ. ನಿಮ್ಮಪ್ಪನ ಫಾರ್ಗೋ ಕೂಡ ಇಲ್ಲಿಯದೇ ಅಂತ ನನಗೆ ಇಲ್ಲಿಗೆ ಬಂದ ಮೇಲೆ ಹೊಳೆದದ್ದು. ಫಾರ್ಗೋ ಅಂದರೆ ಕ್ರೈಸ್ಲರ್ ಕಂಪನಿಯ ಲಾರಿ, ಡಾಡ್ಜ್‌ನ ಒಡಹುಟ್ಟು. ನಮ್ಮ ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಬಂದು, ಭಾರತದಲ್ಲೇ ಕಾರು ತಯಾರಾಗಬೇಕು ಅಂತ ಯೋಜನೆ ಬರೆದು ಓಡಾಡಿದರು. ಅದೇ ಕನಸಿನ ಬೆನ್ನು ಹತ್ತಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಕ್ರೈಸ್ಲರ್ ಜೊತೆಗಿನ ಒಪ್ಪಂದದಲ್ಲಿ ಮುಂಬಯಿಯ ಕುರ್ಲಾದಿಂದ ಡಾಡ್ಜ್, ಪ್ಲಿಮತ್ ಕಾರುಗಳೂ ಫಾರ್ಗೋ ಲಾರಿಗಳೂ ಹೊರಬಂದವು. ಎಂಜಿನ್ ಮಾತ್ರ ನಿಮ್ಮದರಲ್ಲಿ ಇಂಗ್ಲೆಂಡಿನ ಪರ್ಕಿನ್ಸ್ ಡೀಸೆಲ್, ಆ ವಿಷಯದಲ್ಲಿ ನಿಮ್ಮಪ್ಪ ಪಾಠ ಮಾಡಿದ್ದು ಮರೆತಿಲ್ಲ.

ಇದನ್ನೆಲ್ಲ ಪಕ್ಕದ ಮನೆಯವರಿಗೆ ಹೇಳಿದರೆ ಅವರು ನಂಬೋದಿಲ್ಲ. ಡೆಟ್ರಾಯಿಟಿನ ಲಾರಿ ನಿಮ್ಮ ಕಾಡಿನ ಘಾಟಿಯಲ್ಲಿ ಮರದ ದಿಮ್ಮಿ ಹೊತ್ತು ಇಳೀತಿತ್ತಾ ಅಂತ ಕೇಳ್ತಾರೆ. ಲಾರಿ ಗುಜರಿಗೆ ಹೋಯಿತು ಅಂತ ಗೊತ್ತು. ಆದರೆ ಬಾನೆಟ್ ಮೇಲಿದ್ದ ಅಕ್ಷರಗಳ ತಗಡನ್ನು ಅಮ್ಮ ಅಟ್ಟದ ಮೇಲೆ ಇಟ್ಟಿದ್ದಾರೆ ಅಂತ ನೀನೇ ಒಮ್ಮೆ ಹೇಳಿದ್ದೆ. ಹುಡುಕಿ, ಧೂಳು ಒರೆಸಿ, ಒಂದು ಫೋಟೊ ಕಳಿಸು. ಚಾರ್ಮಾಡಿಯಲ್ಲಿ ಲಾರಿ ಜೊತೆ ನಿಂತು ತೆಗೆಸಿಕೊಂಡದ್ದು ಸಿಕ್ಕರೆ ಇನ್ನೂ ಒಳ್ಳೇದು. ಅಮ್ಮನಿಗೆ ನಮಸ್ಕಾರ ಹೇಳು. ಕ್ಲಿಪ್ಪಿನ ವಿಷಯ ಬರೆಯೋದು ಮರೀಬೇಡ, ಅಜ್ಜನ ಫೋನ್ ನಂಬರ್ ಇಸ್ಕೊಂಡಿದ್ದೇನೆ.

ನಿನ್ನವನೇ