ಜಾರಿಯ ವೆಚ್ಚವನ್ನೂ ಮಸೂದೆಯಲ್ಲೇ ತಿಳಿಸಲಿ

ಸಂಸತ್ತು ಅಂಗೀಕರಿಸಿದ ಕಾಯ್ದೆಯ ಅನುಷ್ಠಾನವೂ ತಾನಾಗಿಯೇ ಕೇಂದ್ರದ ಹೊಣೆ ಎಂಬ ತಪ್ಪು ತಿಳಿವಳಿಕೆ ಸಾರ್ವಜನಿಕ ಚರ್ಚೆಗಳಲ್ಲಿ ಪದೇ ಪದೇ ಕಾಣಿಸುತ್ತಿದೆ. ಸಮವರ್ತಿ ಪಟ್ಟಿಯ, ಅಂದರೆ ಸಂಸತ್ತು ಮತ್ತು ರಾಜ್ಯ ಶಾಸಕಾಂಗ ಎರಡೂ ಕಾನೂನು ಮಾಡಬಹುದಾದ ವಿಷಯಗಳಲ್ಲಿ ರಾಜ್ಯದ ಕಾನೂನು ಸಂಸತ್ತಿನ ಕಾನೂನಿಗೆ ವಿರುದ್ಧವಾಗಿದ್ದರೆ, ಸಂವಿಧಾನದ 254ನೇ ವಿಧಿಯಂತೆ ಸಾಮಾನ್ಯವಾಗಿ ಸಂಸತ್ತಿನದೇ ಊರ್ಜಿತ. ಕಾನೂನನ್ನು ಜಾರಿಗೊಳಿಸುವ ಕಾರ್ಯಾಂಗದ ಅಧಿಕಾರದ ಮಾತು ಬೇರೆ. ಸಂವಿಧಾನವಾಗಲಿ ಸಂಸತ್ತಿನ ಕಾನೂನಾಗಲಿ ಸ್ಪಷ್ಟವಾಗಿ ಹೇಳದ ಹೊರತು ಈ ವಿಷಯಗಳಲ್ಲಿ ಕೇಂದ್ರದ ಕಾರ್ಯಾಂಗಾಧಿಕಾರ ರಾಜ್ಯಗಳಿಗೆ ವಿಸ್ತರಿಸುವುದಿಲ್ಲ ಎನ್ನುತ್ತದೆ 73ನೇ ವಿಧಿ.

ಸಮವರ್ತಿ ಪಟ್ಟಿಯಲ್ಲಿರುವ ಅಪರಾಧ ಪ್ರಕ್ರಿಯೆಯ ಕುರಿತ ಕಾಯ್ದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ನೇ ನೋಡಿ. ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ಮಾಧ್ಯಮದಲ್ಲಿ ದಾಖಲಿಸಬೇಕು ಎನ್ನುತ್ತದೆ 105ನೇ ಸೆಕ್ಷನ್. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು ಎನ್ನುತ್ತದೆ 176(3). ಕ್ಯಾಮೆರಾ, ದತ್ತಾಂಶ ಸಂಗ್ರಹಣೆ, ಪ್ರಯೋಗಾಲಯ, ತಜ್ಞರ ನೇಮಕ ಎಲ್ಲವೂ ಮುಖ್ಯವಾಗಿ ರಾಜ್ಯದ ಗೃಹ ಇಲಾಖೆಯ ತಲೆಯ ಮೇಲೆಯೇ ಬೀಳುತ್ತವೆ. ಹಣ, ಸಿಬ್ಬಂದಿ ಹೊಂದಿಸಲಾಗದಿದ್ದರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ, ದೂರು ಮಾತ್ರ ಠಾಣೆಯವರ ಮೇಲೆ. ಇದು ನ್ಯಾಯವಲ್ಲ.

ಕೇಂದ್ರವು 258ನೇ ವಿಧಿಯಡಿ ತನ್ನ ಕೆಲಸವನ್ನು ರಾಜ್ಯಕ್ಕೆ ವಹಿಸಿದರೆ ಹೆಚ್ಚುವರಿ ಆಡಳಿತ ವೆಚ್ಚವನ್ನು ಭರಿಸಬೇಕು. ಮೊತ್ತದ ಬಗ್ಗೆ ಒಮ್ಮತ ಮೂಡದಿದ್ದರೆ ಭಾರತದ ಮುಖ್ಯ ನ್ಯಾಯಮೂರ್ತಿ ನೇಮಿಸುವ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಸಮವರ್ತಿ ಪಟ್ಟಿಯ ಸಾಮಾನ್ಯ ಕಾಯ್ದೆಗಳಿಗೆ ಈ ರಕ್ಷಣೆ ಇಲ್ಲ.

ಮಸೂದೆಗೆ ಲಗತ್ತಿಸುವ ಹಣಕಾಸು ಜ್ಞಾಪನಪತ್ರ ಸಾಮಾನ್ಯವಾಗಿ ಭಾರತದ ಸಂಚಿತ ನಿಧಿಯ, ಅಂದರೆ ಕೇಂದ್ರದ ಬೊಕ್ಕಸದ ಖರ್ಚನ್ನಷ್ಟೇ ಹೇಳುತ್ತದೆ. ರಾಜ್ಯಗಳ ಮೇಲೆ ಬೀಳುವ ಆವರ್ತಕ ಮತ್ತು ಅನಾವರ್ತಕ ವೆಚ್ಚದ ಅಂದಾಜು, ಅದರಲ್ಲಿ ಕೇಂದ್ರದ ಪಾಲು ಎಷ್ಟು ಎಂಬುದನ್ನೂ ಈ ಜ್ಞಾಪನಪತ್ರದಲ್ಲಿ ನಮೂದಿಸುವುದನ್ನು ಉಭಯ ಸದನಗಳ ನಿಯಮಾವಳಿ ಕಡ್ಡಾಯಗೊಳಿಸಬೇಕು.