ಆನಂದಪುರದಲ್ಲಿ ಇಳಿದುಹೋದ ಅಮ್ಮನಿಗೆ

ಪುಷ್ಯ ಮಳೆ ಹಿಡಿದಿದ್ದ ದಿನ, ಸಾಗರದ ಬಸ್ಸಿನಲ್ಲಿ ನನ್ನ ಚೀಲದ ಕೆಸುವಿನ ಎಲೆ ನೋಡಿ, "ಪತ್ರೊಡೆಗಾ? ಹುಳಿಗೆ ಜಿಪುಣತನ ಮಾಡಬೇಡ ಮಾರಾಯ್ತಿ" ಎಂದಿರಿ. ಹೆಸರು ಕೇಳುವಷ್ಟರಲ್ಲಿ ಆನಂದಪುರ ಬಂದಿತ್ತು.

ಹಿಂದಿನ ವಾರವಷ್ಟೇ ನನ್ನ ಪತ್ರೊಡೆ ತಿಂದು ಮನೆಮಂದಿಯೆಲ್ಲ ಗಂಟಲು ಕೆರೆದುಕೊಂಡಿದ್ದರು. ಎಲೆಯೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳ ಕೆಲಸವದು. ಸದಾ ಭಾಷಣ ಮಾಡುವ ಮಾವನವರು ಎರಡು ಗಂಟೆ ಮೌನ. (ಅತ್ತೆಯವರಿಗೆ ಅದು ಹಬ್ಬ.)

ಈ ಸಲ ನೆನೆಸಿದ ಅಕ್ಕಿ, ತೆಂಗಿನಕಾಯಿ, ಒಣಮೆಣಸಿನ ಜೊತೆ ನಿಂಬೆಗಾತ್ರದ ಎರಡು ಉಂಡೆ ಹುಣಸೆಹಣ್ಣು ರುಬ್ಬಿ, ಎಲೆಯ ಬೆನ್ನಿಗೆ ಸವರಿ, ಸುತ್ತಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿದೆ. ಮೂರನೆಯ ಸುರುಳಿಗೆ ಕೊಬ್ಬರಿ ಎಣ್ಣೆ ಸುರಿದುಕೊಳ್ಳುತ್ತಲೇ ಮಾವನವರ ಭಾಷಣ ಮತ್ತೆ ಶುರುವಾಯಿತು.

ಅತ್ತೆಯವರು ನಿಮ್ಮನ್ನು ಇನ್ನೂ ಕ್ಷಮಿಸಿಲ್ಲ. ನನ್ನ ಧನ್ಯವಾದವಂತೂ ನಿಮಗೇ, ಅಮ್ಮಾ.